ಆಯಿಲ್ ಕುಡಿಯುವ ಬೈಕು ಮತ್ತು ತುಪ್ಪದ ಮಿಳ್ಳೆ

ನನಗೆ ಸಿಟ್ಟು ಬೇಗ ಬರುತ್ತದೆ. ಇದು ನನ್ನ ದೋಷವೆಂದು ನಾನು ಒಪ್ಪುವುದಿಲ್ಲ. ಸಿಟ್ಟು ಬರುವಂಥ ಕೆಲಸವನ್ನು ಜನ ಅಷ್ಟು ಬೇಗ ಮಾಡುತ್ತಾರೆ, ಅಷ್ಟೆ. ಅದರಲ್ಲೂ ಹಳೆಯ ಬೈಕು ಇಟ್ಟುಕೊಂಡವನನ್ನು ಕಂಡರೆ ದಾರಿಹೋಕರೆಲ್ಲ ಡಾಕ್ಟರಾಗಿಬಿಡುತ್ತಾರೆ. ಹಳದೀಪುರದ ಮನೆಯಿಂದ ಕುಮಟೆಯ ಆಫೀಸಿಗೆ ಇಪ್ಪತ್ತೆರಡು ವರ್ಷ ನನ್ನನ್ನು ಹೊತ್ತ ಬೈಕು ಈ ವರ್ಷ ಸೈಲೆನ್ಸರಿನಿಂದ ನೀಲಿ ಹೊಗೆ ಬಿಡತೊಡಗಿತು. ಧಾರೇಶ್ವರದ ಹತ್ತಿರ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿದ ಒಬ್ಬ, "ಮಾರಾಯ್ರೆ, ರಿಂಗ್ ಹೋತು ನಿಮ್ದು!" ಎಂದು ಕೂಗಿ ಮುಂದೆ ಹೋದ. ಅವನ ಗುರುತಿಲ್ಲ, ಪರಿಚಯವಿಲ್ಲ. ಆಫೀಸಿನಲ್ಲಿ, ಜನ್ಮದಲ್ಲಿ ಒಂದು ನಟ್ಟು ಬಿಚ್ಚದ ನಮ್ಮ ಹೆಡ್‌ಕ್ಲರ್ಕು ಮೇಜಿನ ಮೇಲೆ ಮೊಣಕೈಯೂರಿ ಪಾಠ ಮಾಡಿದರು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಹೊಗೆ ಬಂದರೆ ವಾಲ್ವ್ ಸೀಲ್ ಸವೆದಿದೆ, ಏರು ಹತ್ತುವಾಗ ಬಂದರೆ ಪಿಸ್ಟನ್ ರಿಂಗ್ ಸವೆದಿದೆ ಎಂದು. ನನ್ನದು ಬೆಳಿಗ್ಗೆಯೂ ಬಿಡುತ್ತಿತ್ತು, ಏರಿನಲ್ಲೂ ಬಿಡುತ್ತಿತ್ತು, ಸುಮ್ಮನೆ ನಿಂತಾಗಲೂ ಬಿಡುತ್ತಿತ್ತು. "ಹಾಗಾದ್ರೆ ಗುಜರಿಗೆ ಹಾಕಿ" ಎಂದರು. ಆ ಮನುಷ್ಯನ ಮುಖ ನೋಡದೆ ನಾನು ಎರಡು ದಿನ ಫೈಲು ಕಳಿಸಿದೆ.

ಸಿಟ್ಟಿನ ಮೂಲ ಮಾತ್ರ ಇವರಲ್ಲ, ಹೊನ್ನಾವರದ ಮಂಜಣ್ಣ. ಹದಿನೇಳು ವರ್ಷದಿಂದ ನನ್ನ ಬೈಕನ್ನು ಅವನಲ್ಲದೆ ಬೇರೆಯವರು ಮುಟ್ಟಿದ್ದಿಲ್ಲ. ನಮ್ಮ ಮನೆಯ ಸತ್ಯನಾರಾಯಣ ಕಥೆಗೆ ಪ್ರತಿ ವರ್ಷ ಅವನು ಬರಲೇಬೇಕು. ಅವನು ಬಂದ ಮೇಲೇ ಎಲೆ ಹಾಕುವುದು. ಅಂಥವನು ಈ ಸಲ ಸರ್ವಿಸ್ ಮಾಡಿ ಆಯಿಲ್ ಬದಲಿಸಿಕೊಟ್ಟ. ಮರುದಿನ ಭಾನುವಾರ ನಾನು ಅಂಗಳದಲ್ಲಿ ಬೈಕು ನಿಲ್ಲಿಸಿ, ಇಂಜಿನ್ನಿನ ಬಲಗಡೆಯ ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿದರೆ ಒಣಒಣ! ಮಂಜಣ್ಣ ಆಯಿಲ್ ಕದ್ದಿದ್ದಾನೆ! ಆದರೂ ದೊಡ್ಡತನ ತೋರಿಸಿ ಸುಮ್ಮನಿದ್ದೆ. ಪೇಟೆಯಿಂದ ಆಯಿಲ್ ಡಬ್ಬಿ ತಂದೆ. ಸುರಿಯುವುದಕ್ಕೆ ಮನೆಯ ಹಳೇ ತುಪ್ಪದ ಮಿಳ್ಳೆ ಸಿಕ್ಕಿತು. ಸಣ್ಣ ಮೂತಿ ಇರುವುದರಿಂದ ಹನಿಯೂ ಚೆಲ್ಲುವುದಿಲ್ಲ. ಒಂದು ಮಿಳ್ಳೆ ಎರೆದೆ. ಮುಂದಿನ ಭಾನುವಾರ ನೋಡಿದರೆ ಮತ್ತೆ ಒಣ. ಇನ್ನೊಂದು ಮಿಳ್ಳೆ. ಮೂರನೆಯ ವಾರಕ್ಕೆ ಹೊಗೆ ಶುರುವಾಯಿತು. ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದು ಅರ್ಥ, ಉರಿದರೆ ಕಡಿಮೆಯಾಗುತ್ತದೆ, ಕಡಿಮೆಯಾದರೆ ಹಾಕಬೇಕು. ಲೆಕ್ಕ ಸರಿಯಾಗಿಯೇ ಇತ್ತು, ಮತ್ತೊಂದು ಮಿಳ್ಳೆ ಹೋಯಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮೂರ ಕಡೆ ಮದುವೆ ಮುಂಜಿಯಲ್ಲಿ ತುಪ್ಪ ಬಡಿಸುವುದು ನಾನೇ. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದ ತುಪ್ಪ ಇಳಿಸಿದ ಖ್ಯಾತಿ ನನಗಿದೆ. ಒತ್ತಾಯ ಮಾಡದೆ ಬಡಿಸಿದರೆ ಅದು ಊಟವೇ ಅಲ್ಲ ಎಂದು ನಂಬಿದವನು ನಾನು. ಒಮ್ಮೆ ಒಬ್ಬ ಬೀಗರು ನನಗೆ ಹೆದರಿ ಪಾಯಸಕ್ಕೆ ಮೊದಲೇ ಎದ್ದು ಹೋಗಿದ್ದರು. ಅದನ್ನು ನಮ್ಮನೆಯವಳು ಇವತ್ತಿಗೂ ಹೇಳುತ್ತಾಳೆ. ಇರಲಿ.

ಕೊನೆಗೆ ತಡೆಯಲಾಗದೆ ಮಂಜಣ್ಣನ ಗ್ಯಾರೇಜಿಗೆ ನುಗ್ಗಿದೆ. ನಾಲ್ಕಾರು ಗಿರಾಕಿಗಳು ನಿಂತಿದ್ದರು. ನಿಂತಿರಲಿ, ಕೇಳಲಿ ಎಂದೇ ಗಂಟಲೆತ್ತಿದೆ. "ಆಯಿಲ್ ಕದ್ದೆ, ಇಂಜಿನ್ ಸುಟ್ಟೆ, ಹದಿನೇಳು ವರ್ಷದ ನಂಬಿಕೆಗೆ ಬೆಂಕಿ ಇಟ್ಟೆ" ಎಂದೆಲ್ಲ ಕೂಗಿದೆ. ಮಂಜಣ್ಣ ಕೈ ಒರೆಸಿಕೊಳ್ಳುತ್ತ, "ಹೆಗಡೇರೆ, ಸಿಟ್ಟು ಮಾಡಬೇಡ್ರಿ. ಒಂದ್ಸಲ ಡಬಲ್ ಸ್ಟ್ಯಾಂಡ್ ಹಾಕಿ, ನೋಡ್ವ" ಎಂದ.

ಡಬಲ್ ಸ್ಟ್ಯಾಂಡ್! ಈ ವರ್ಷ ನನಗೆ ಸೊಂಟ ಹಿಡಿದ ಮೇಲೆ ಬೈಕನ್ನು ಎತ್ತಿ ಡಬಲ್ ಸ್ಟ್ಯಾಂಡ್ ಹಾಕಲಾಗುವುದಿಲ್ಲ, ಸೈಡ್ ಸ್ಟ್ಯಾಂಡಿನಲ್ಲೇ ವಾಲಿಸಿ ನಿಲ್ಲಿಸುತ್ತೇನೆ ಎಂದು ಇಡೀ ಹೊನ್ನಾವರಕ್ಕೆ ಗೊತ್ತು. ಅಷ್ಟು ಜನರ ಎದುರಿಗೆ ನನ್ನ ಸೊಂಟದ ಸುದ್ದಿ ಎತ್ತುತ್ತಾನಲ್ಲ! "ನಿನ್ನ ಗ್ಯಾರೇಜಿನ ಮೆಟ್ಟಿಲು ಇನ್ನು ಹತ್ತುವುದಿಲ್ಲ" ಎಂದು ಹೇಳಿ, ಅಲ್ಲಿದ್ದವರೆಲ್ಲ ಕೆಮ್ಮುವಂತೆ ಹೊಗೆ ಬಿಟ್ಟು ಹೊರಟುಬಂದೆ.

ಮನೆಯಲ್ಲಿ ಹೇಳಿದರೆ ನಮ್ಮನೆಯವಳು ಸೊಪ್ಪು ಹೆಚ್ಚುತ್ತಲೇ, "ಬೈಕಿಗೆ ಎಂತ ರೋಗವೂ ಇಲ್ಲೆ. ಸಿಟ್ಟು ನಿಮಗೇ ಇದ್ದು" ಎಂದಳು. ಹೆಚ್ಚಿದ ಸೊಪ್ಪನ್ನು ಪಾತ್ರೆಗೆ ಹಾಕಿ, "ಬರೋ ಭಾನುವಾರ ಕಥೆ. ಮಂಜಣ್ಣ ಇಲ್ಲದೆ ನಾನು ಎಲೆ ಹಾಕೂದಿಲ್ಲೆ" ಎಂದು ಸೇರಿಸಿದಳು. ಅವಳು ಹಾಗೆಂದರೆ ಹಾಗೇ. ಅಂದರೆ ಮಂಜಣ್ಣನೇ ಕಳ್ಳನೆಂದು ಸಾಬೀತು ಮಾಡಬೇಕು, ಇಲ್ಲವೇ ಅವನ ಕಾಲು ಹಿಡಿಯಬೇಕು. ನಾನು ಮೊದಲನೆಯದನ್ನು ಆರಿಸಿಕೊಂಡು ಭಟ್ಕಳಕ್ಕೆ ಹೊರಟೆ.

ಭಟ್ಕಳದ ಜಾಲಿ ರಸ್ತೆಯಲ್ಲಿ ಇಸ್ಮಾಯಿಲ್ ಸಾಹೇಬರೆಂಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಹಳೇ ಬೈಕುಗಳಿಗೆ ಅವರೇ ಕೊನೆಯ ಮಾತು. ನಾನು ಮಂಜಣ್ಣನ ಅಪರಾಧಗಳನ್ನು ಮೊದಲಿಂದ ವಿವರಿಸಿದೆ. ನನಗಿಂತ ಹತ್ತು ವರ್ಷ ದೊಡ್ಡವರಾದ ಅವರು ಒಂದೇ ಎತ್ತಿಗೆ ಬೈಕನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿದರು. ನನಗೆ ಅವರ ಮೇಲೂ ಸಿಟ್ಟು ಬಂತು. "ಚಾ ಕುಡೀರಿ, ಆಯಿಲ್ ಕೆಳಗೆ ಇಳೀಲಿ" ಎಂದರು. ಚಹಾ ಅರ್ಧ ಆಗುವಾಗ ಕಡ್ಡಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. ಮೇಲಿನ ಗೆರೆ ದಾಟಿ ಕುತ್ತಿಗೆಯವರೆಗೆ ಆಯಿಲ್!

"ಕಡ್ಡಿ ನೋಡುವಾಗ ಗಾಡಿ ಹೇಗೆ ನಿಲ್ಲಿಸಿದ್ರಿ ಹೆಗಡೆ ಸಾಬ್?"

ನಾನು ಅಂಗೈಯನ್ನು ಎಡಕ್ಕೆ ವಾಲಿಸಿ ತೋರಿಸಿದೆ. ಅವರು ನನ್ನ ಚಹಾದ ಲೋಟವನ್ನು ಹಾಗೆಯೇ ಎಡಕ್ಕೆ ವಾಲಿಸಿದರು. ಚಹಾ ಎಲ್ಲ ಎಡಗಡೆ ಸೇರಿತು, ಬಲಗಡೆ ಲೋಟದ ತಳ ಕಂಡಿತು.

"ಇಂಜಿನ್ ಆಯಿಲ್ ಕುಡೀತಾ ಇಲ್ಲ ಸಾಬ್, ನೀವು ಕುಡಿಸ್ತಾ ಇದ್ದೀರಿ. ಹೊಟ್ಟೆಗೆ ಹೆಚ್ಚಾಗಿ ಮೇಲೆ ಬಂದದ್ದೇ ಈ ಹೊಗೆ. ರಿಂಗ್ ಸರಿ ಇದೆ, ಸೀಲ್ ಸರಿ ಇದೆ. ನಿಮ್ಮ ಹೊನ್ನಾವರದ ಮೇಸ್ತ್ರಿ ಕೆಲಸ ಫಸ್ಟ್ ಕ್ಲಾಸ್."

ಹೆಚ್ಚಿನ ಆಯಿಲ್ ತೆಗೆದು ಕಳಿಸಿದರು. ಮಂಕಿ ದಾಟುವಾಗ ಹೊಗೆ ತೆಳುವಾಯಿತು, ಶರಾವತಿ ಸೇತುವೆಯ ಮೇಲೆ ಪೂರ್ತಿ ನಿಂತಿತು. ಹಿಂದೆ ತಿರುಗಿ ನೋಡಿದಷ್ಟೂ ಸಲ ರಸ್ತೆ ಸ್ವಚ್ಛವಾಗಿ ಕಾಣುತ್ತಿತ್ತು. ಒಂದೆಳೆ ಹೊಗೆಯಾದರೂ ಬರಬಾರದೇ ಎಂದು ಅನ್ನಿಸಿದ್ದು ಸುಳ್ಳಲ್ಲ.

ಮಂಜಣ್ಣನ ಗ್ಯಾರೇಜಿನ ಮೆಟ್ಟಿಲು ಹತ್ತಿದೆ. ಅವನು ಸೈಲೆನ್ಸರಿನತ್ತ ಒಮ್ಮೆ ನೋಡಿ, "ಎಷ್ಟು ತೆಗೆದ್ರು?" ಎಂದ.

"ನಿನಗೆ ಅವತ್ತೇ ಗೊತ್ತಿತ್ತಾ? ಹೇಳಬಾರದಿತ್ತಾ ಮಾರಾಯ?" ಎಂದು ನಾನು ಮತ್ತೆ ಸಿಡಿದೆ.

"ನೀವು ಹೇಳೂಕೆ ಬಿಟ್ರಾ?"

ಅಷ್ಟು ಜನರ ಎದುರು ಕಳ್ಳ ಎಂದವನು ಅಲ್ಲಿದ್ದ ಇಬ್ಬರು ಗಿರಾಕಿಗಳ ಎದುರಾದರೂ ತಪ್ಪಾಯಿತು ಎನ್ನಬೇಕು. ಅಂದೆ. ದನಿ ಬಹಳ ಸಣ್ಣದಾಗಿತ್ತು. ಆಮೇಲೆ, "ಭಾನುವಾರ ಕಥೆ, ಊಟಕ್ಕೆ ಬರಬೇಕು" ಎಂದೆ.

ಮಂಜಣ್ಣ ಸ್ಪ್ಯಾನರ್ ಕೆಳಗಿಟ್ಟ. "ಬರ್ತೆ. ಆದ್ರೆ ಒಂದು ಮಾತು ಹೆಗಡೇರೆ, ನನ್ನ ಎಲೆಗೆ ತುಪ್ಪ ನಿಮ್ಮನೆ ಅಕ್ಕ ಬಡಿಸ್ಲಿ. ನೀವು ಮಿಳ್ಳೆ ಮುಟ್ಟೂದು ಬೇಡ."

ಮೈಯೆಲ್ಲ ಉರಿಯಿತು. ಒದ್ದು ಬೈಕು ಸ್ಟಾರ್ಟ್ ಮಾಡಿದೆ. ಹಳದೀಪುರದವರೆಗೂ ಆ ಬೈಕು ಒಂದು ಚೂರು ಹೊಗೆ ಬಿಡಲಿಲ್ಲ.