ಫೋಟೋದೊಳಗಿನ ಕೆಂಪು ಚೌಕ

ಇನ್ನು ಮೇಲೆ ನಾನು ನೆಲದ ಮೇಲೆ ನಿಂತು ಚಿತ್ರ ಬರೆಯುವುದಿಲ್ಲ! ಮರ, ಗುಡ್ಡ, ಸೂರ್ಯಾಸ್ತಗಳನ್ನು ಕಂಡಕಂಡವರೆಲ್ಲ ಬಳಿದಾಗಿದೆ. ನನ್ನದೇನಿದ್ದರೂ ಹದ್ದಿನ ದೃಷ್ಟಿ! ಊಟದ ಮೇಜಿನಲ್ಲಿ ಹೀಗೆಂದು ಘೋಷಿಸಿದೆ.

"ಹದ್ದು ಮೊದಲು ತನ್ನ ತಟ್ಟೆ ತೊಳೆದಿಡಲಿ," ಎಂದಳು ಹೆಂಡತಿ.

ನಾನು ನಗರಸಭೆಯ ಗುಮಾಸ್ತ. ನೀರಿನ ಪೈಪು ಹಾಕಲೆಂದು ನಮ್ಮಲ್ಲಿ ಡ್ರೋನ್ ಹಾರಿಸಿ ಊರಿನ ಫೋಟೋ ತೆಗೆಸಿದ್ದರು. ಪೈಪು ಬರಲಿಲ್ಲ, ಫೋಟೋಗಳು ಬೀರು ಸೇರಿದವು. ಅವನ್ನು ಒಂದು ನರಪಿಳ್ಳೆಯೂ ನೋಡಿರಲಿಲ್ಲ. ಕೇಳಿ ಒಂದನ್ನು ಮನೆಗೆ ತಂದೆ. ಬೂದು ತಾರಸಿಗಳ ನಡುವೆ ಒಂದೇ ಒಂದು ಕೆಂಪು ಚೌಕ! ಆಹಾ! ಇಪ್ಪತ್ತು ಅಭ್ಯಾಸಚಿತ್ರ ಬರೆದೆ. ಇಪ್ಪತ್ತರಲ್ಲೂ ಆ ಕೆಂಪೇ ಮಹಾರಾಣಿ!

"ಒಂದ್ಸಲ ಮಹಡಿಗೆ ಬನ್ನಿ. ಹೊಲಿಗೆ ರೂಮಿನ ಕಿಟಕಿ ಮುಚ್ಚೋಕೇ ಆಗ್ತಿಲ್ಲ."

"ಕಲಾವಿದನ ತಪಸ್ಸು ಕೆಡಿಸ್ಬೇಡ ಕಣೇ!"

ಅತ್ಯುತ್ತಮವಾದುದನ್ನು ಕಚೇರಿಗೆ ಒಯ್ದೆ. ಎಂಜಿನಿಯರ್ ಸಾಹೇಬರು ಕನ್ನಡಕ ಏರಿಸಿದರು.

"ಈ ಕೆಂಪು ಏನ್ರೀ? ಆ ಬೀದೀಲಿ ತಾರಸಿ ಮೇಲೆ ಕಟ್ಟೋಕೆ ಯಾರಿಗೂ ಪರವಾನಗಿ ಕೊಟ್ಟಿಲ್ವಲ್ಲ?"

"ಯಾರೋ ಭಂಡರು ಸಾರ್, ಕದ್ದು ಕಟ್ಟಿದ್ದಾರೆ! ನನ್ನ ಚಿತ್ರದಲ್ಲಿ ಒಂದಿಂಚು ತಪ್ಪಿಲ್ಲ. ಬೇಕಾದ್ರೆ ಟೇಪ್ ಹಿಡಿದು ನೋಡಿ!"

ಅವರು ಟೇಪು ಹಿಡಿದೇ ಹೊರಟರು. ಚಿತ್ರ ಕೈಯಲ್ಲಿ ಹಿಡಿದು ದಾರಿ ತೋರಿಸಿದವನು ನಾನೇ! ಕಣ್ಣೆಲ್ಲ ಕಾಗದದ ಮೇಲೆ. ಮೂರನೇ ತಿರುವು, ಎಡಕ್ಕೆ, ಐದನೇ ಮನೆ. ಗೇಟು ಕಿರುಗುಟ್ಟುವ ಸದ್ದು ಎಲ್ಲೋ ಕೇಳಿದಂತಿತ್ತು. ಬಾಗಿಲು ತೆರೆದವಳು ನನ್ನ ಹೆಂಡತಿ!

"ಇದೇನ್ರೀ, ಇಷ್ಟು ಬೇಗ?"

"ಮೇಲೆ... ಕೆಂಪು..."

"ಹೋದ ವರ್ಷ ಹೊಲಿಗೆ ರೂಮಿನ ತಗಡಿಗೆ ಕೆಂಪು ಬಣ್ಣ ಹೊಡೆಸ್ದೆ ಅಂತ ಹೇಳಿದ್ನಲ್ಲ! ಹೂಂ ಅಂದಿದ್ರಿ."

ಆ ರೂಮಿಗೆ ಪರವಾನಗಿ ಮಾಡಿಸಿಕೊಡುತ್ತೇನೆಂದು ಹದಿನಾಲ್ಕು ವರ್ಷಗಳ ಹಿಂದೆ ಮಾತು ಕೊಟ್ಟ ಗುಮಾಸ್ತನೂ ನಾನೇ. ಅರ್ಜಿಯನ್ನೇ ಬರೆದಿರಲಿಲ್ಲ. ಬೇಡಿಕೊಂಡೆ, ಕೈ ಮುಗಿದೆ. "ನೀವೇ ತೋರಿಸಿದ್ದಲ್ವೇನ್ರೀ? ಬಿಟ್ರೆ ನನ್ನ ತಲೆಗೆ ಬರುತ್ತೆ," ಎಂದರು ಸಾಹೇಬರು. ನಾಲ್ಕನೇ ದಿನ ಅವರೇ ಆಳುಗಳೊಂದಿಗೆ ಬಂದು ರೂಮು ಕೆಡವಿಸಿದರು. ಹೋಗುವಾಗ ಬೆನ್ನು ತಟ್ಟಿ, "ಉಳಿದ ಬೀದಿಗಳದ್ದೂ ಹೀಗೇ ಬರೀರಿ!" ಎಂದರು. ಆ ಮೆಚ್ಚುಗೆ ಕೇಳಿ ನಾಚಿಕೆಯಿಂದ ಸತ್ತೇ ಹೋಗಬಾರದೇ ಎನ್ನಿಸಿತು.

ಹೆಂಡತಿ ಇಟ್ಟಿಗೆಯ ಧೂಳಿನಲ್ಲಿ ಕೂತು ಹೊಲಿಗೆ ಯಂತ್ರ ಒರೆಸುತ್ತಿದ್ದಳು. ಆ ಯಂತ್ರವೇ ಅವಳ ದುಡಿಮೆ, ಆ ರೂಮೇ ಅವಳ ಜಾಗವಾಗಿತ್ತು. ಅರ್ಧ ಹೊಲಿದ ಬಟ್ಟೆಗಳನ್ನು ಅಕ್ಕಪಕ್ಕದವರು ವಾಪಸು ಒಯ್ದಾಗಿತ್ತು.

"ಇಪ್ಪತ್ತು ಸಲ ಬರೆದ್ರಲ್ಲ, ಒಂದ್ಸಲಾನೂ ನನ್ನ ರೂಮು ಅಂತ ಗೊತ್ತಾಗ್ಲಿಲ್ವಾ?"

"ಮೇಲಿಂದ ನೋಡಿದ್ರೆ ಗೊತ್ತಾಗಲ್ಲ ಕಣೇ..."

"ಒಳಗೆ ಬಂದು ನೋಡಿದ್ರೆ ಗೊತ್ತಾಗ್ತಿತ್ತಾ?"