ನಮ್ಮ ಮಾಳಿಗೆಯ ಕರೆಂಟು

ಕೊಂಡದ್ದನ್ನು ಬಳಸುವುದಕ್ಕಿಂತ ನಾಲ್ಕು ಜನರಿಗೆ ತೋರಿಸುವುದರಲ್ಲೇ ಮನುಷ್ಯನಿಗೆ ಸುಖ ಹೆಚ್ಚು. ಕೊಟ್ಟೂರಿನ ನಮ್ಮ ಮನೆಗೆ ಸೋಲಾರ್ ಹಾಕಿಸಿದ ಮೇಲೆ, ಬಂದವರನ್ನು ನಾನು ಚಹಾಕ್ಕೆ ಮೊದಲೇ ಮಾಳಿಗೆ ಹತ್ತಿಸುತ್ತಿದ್ದೆ. ನಮಗೆ ಬೇಕಾದಷ್ಟು ಬಳಸಿ ಮಿಕ್ಕ ಕರೆಂಟು ಬೀದಿಯ ಲೈನಿಗೆ ಹೋಗುತ್ತದೆಂದು ತಿಳಿದ ಮೇಲಂತೂ, ಎದುರುಮನೆಯ ಫ್ಯಾನು ತಿರುಗಿದರೂ ಅದು ನನ್ನದೇ ಉಪಕಾರವೆಂದು ಬೀಗುತ್ತಿದ್ದೆ. ಪಕ್ಕದ ಮನೆಯ ಖಾಜಾಸಾಹೇಬರು ಮೋಟಾರ್ ರಿಪೇರಿ ಮಾಡುವವರು. ಅವರದೂ ಸೋಲಾರೇ, ಆದರೆ ಹಳೆಯದು, ಲಾರಿ ಬ್ಯಾಟರಿಗಳ ಸಾಲಿಗೆ ಕಟ್ಟಿದ್ದು. "ಇನ್ನೂ ಯಾಕ ಸಾಹೇಬ್ರ ಈ ಗುಜರಿ?" ಎಂದು ನಾನು ಕನಿಕರಪಟ್ಟರೆ, "ಇರ್ಲಿ ಬಿಡ್ರಿ ಮಾಸ್ತರ" ಎಂದು ನಗುತ್ತಿದ್ದರು.

ಒಂದು ಭಾನುವಾರ ನನ್ನಾಕೆ ಗಿರಿಜಾ ಹಂಪಸಾಗರದ ಮದುವೆಯೊಂದಕ್ಕೆ ಜೋಳದ ರೊಟ್ಟಿ ಮಾಡಿಕೊಡಲು ಒಪ್ಪಿಕೊಂಡಿದ್ದಳು. ಸಂಜೆಗೆ ಗಾಡಿ ಬರುವುದಿತ್ತು. ರೊಟ್ಟಿ ಮಷೀನು ಅರ್ಧ ಹಿಟ್ಟು ಮುಗಿಸುವಷ್ಟರಲ್ಲಿ, ನೆತ್ತಿ ಸುಡುವ ಮಧ್ಯಾಹ್ನ, ಕರೆಂಟು ಹೋಯಿತು. ಗಿರಿಜಾಳ ಮುಖ ಬಾಡಿತು. "ಹೆದರಬ್ಯಾಡ, ಮ್ಯಾಲೆ ನಮ್ಮ ಸೋಲಾರ್ ಐತಿ" ಎಂದು ನಾನು ಎದೆಯುಬ್ಬಿಸಿದೆ. ಮಷೀನು ಮಿಸುಕಲಿಲ್ಲ. ಮಾಳಿಗೆಗೆ ಓಡಿ ಪ್ಯಾನೆಲ್‌ಗಳನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದೆ. ಕತ್ತೆತ್ತಿ ನೋಡಿದೆ, ಸೂರ್ಯನೇನೋ ಡ್ಯೂಟಿಯ ಮೇಲೇ ಇದ್ದ. ಕೆಳಗಿಳಿದು, "ನಮಗ ಮೋಸ ಆಗೈತಿ" ಎಂದು ಘೋಷಿಸಿದೆ.

"ಮೋಸ ಅಲ್ಲರಿ, ಲೈನ್ ಬಂದಾದ್ರ ಇದೂ ಬಂದ್ ಆಗತೈತಿ. ಅಲ್ಲಿ ನೋಡ್ರಿ, ಕಂಬದ ಮ್ಯಾಲೆ ಲೈನ್‌ಮನ್ ಅದಾನ. ನಿಮ್ಮ ಕರೆಂಟು ಹೋಗಿ ಅವಗ ಹೊಡದ್ರ ಏನ್ ಗತಿ? ಹಾಕಾಕ ಬಂದವ್ರು ಎಲ್ಲಾ ಬಿಡಿಸಿ ಹೇಳಿದ್ರು" ಎಂದಳು ಗಿರಿಜಾ.

"ನನಗ್ಯಾರೂ ಹೇಳ್ಲಿಲ್ಲ!"

"ನೀವು ಆಗ ಪ್ಯಾನೆಲ್ ಮುಂದ ನಿಂತು ಫೋಟೋ ಹೊಡಿಸ್ಕೊಳ್ಳಾಕ ಹತ್ತಿದ್ರಿ."

ಇದೆಲ್ಲ ಕಾಂಪೌಂಡಿನಾಚೆ ಕೇಳಿಸಿತ್ತು. ಖಾಜಾಸಾಹೇಬರು ಬಂದು, "ತಂಗೆಮ್ಮ, ಮಷೀನ್ ನಮ್ಮನಿಗೆ ತರ್ರಿ. ಬ್ಯಾಟರಿ ತುಂಬ್ಯಾವ, ಅವಕ್ಕ ಲೈನಿನ ಹಂಗಿಲ್ಲ" ಎಂದರು. ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ಅವರು ಗುಜರಿಯ ಮಾತನ್ನೇ ಎತ್ತಲಿಲ್ಲ. ಎತ್ತಿದ್ದರೆ ಮಷೀನಿನ ಭಾರ ಇಷ್ಟು ಅನಿಸುತ್ತಿರಲಿಲ್ಲವೇನೋ. ಅವರ ಪಡಸಾಲೆಯಲ್ಲಿ ಗಿರಿಜಾ ರೊಟ್ಟಿ ಬೇಯಿಸಿದಳು, ನಾನು ಬೆರಳು ಸುಟ್ಟುಕೊಳ್ಳುತ್ತ ಅಡಕಿಟ್ಟೆ. ಗಾಡಿ ಬರುವ ಹೊತ್ತಿಗೆ ಬುಟ್ಟಿಗಳು ತುಂಬಿದ್ದವು.

ಈಗಲೂ ಬಂದವರನ್ನು ಮಾಳಿಗೆಗೆ ಕರೆದೊಯ್ಯುತ್ತೇನೆ. "ಕರೆಂಟು ಹೋದ್ರ ಇದೂ ನಿಲ್ಲತೈತಿ. ಲೈನ್‌ಮನ್ನನ ಜೀವ ದೊಡ್ಡದು ನೋಡ್ರಿ, ಅದಕ್ಕಂತಲೇ ವಿಚಾರ ಮಾಡಿ ಇಂಥಾದ್ದು ಹಾಕಿಸೀನಿ" ಎನ್ನುತ್ತೇನೆ. ಅವರು ನನ್ನ ದೊಡ್ಡ ಮನಸ್ಸಿಗೆ ತಲೆದೂಗುತ್ತಾರೆ. ಆಗ ಕೆಳಗಿನ ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸುತ್ತದೆ. ಒಗ್ಗರಣೆಯ ಘಾಟು ಎಂದು ಅವರಿಗೆ ಹೇಳಿ, ಬೇಗ ಬೇಗ ಮೆಟ್ಟಿಲಿಳಿಸುತ್ತೇನೆ.