ಬೆನ್ನಿನಿಂದ ಶುರುವಾಗುವ ಇಸ್ತ್ರಿ

ನನ್ನ ಸೋದರಮಾವನಷ್ಟು ಚೆನ್ನಾಗಿ ಅಂಗಿ ಇಸ್ತ್ರಿ ಮಾಡುವವರು ಇಡೀ ಭದ್ರಾವತಿಯಲ್ಲಿಲ್ಲ. ಆದರೆ ಈ ಮಾತನ್ನು ನೀವು ನಂಬಬೇಕಾದರೆ ಅಂಗಿ ತೊಟ್ಟವನ ಹಿಂದೆ ಹೋಗಿ ನಿಲ್ಲಬೇಕು!

ಕಾರ್ಖಾನೆಯಿಂದ ನಿವೃತ್ತರಾಗಿ ಜನ್ನಾಪುರದಲ್ಲಿರುವ ಮಾವ, ಕಾಲೇಜಿಗೆಂದು ಬಂದ ನನ್ನನ್ನು ಮನೆಯಲ್ಲೇ ಇಟ್ಟುಕೊಂಡವರು. ಅಂದಿನಿಂದ ನನ್ನ ಅಂಗಿಗಳೆಲ್ಲ ಅವರ ವಶ. ನೀರು ಚಿಮುಕಿಸಿ, ಸುತ್ತಿಟ್ಟು, ಹತ್ತು ನಿಮಿಷ ಕಾದು, ಬೆನ್ನಿನ ಭಾಗ ಹಾಸಿದರೆಂದರೆ ಮುಗಿಯಿತು. ಭುಜದಿಂದ ಕೆಳಗೆ, ಉಸಿರು ಬಿಗಿಹಿಡಿದು, ಒಂದೊಂದೇ ಇಂಚು! ಎದೆಯ ಭಾಗಕ್ಕೆ ಬರುವಷ್ಟರಲ್ಲಿ ಅವರಿಗೆ ಕಾಫಿ ನೆನಪಾಗುತ್ತದೆ. ಕಾಲರಿಗೆರಡು ಸಲ, ತೋಳಿಗೊಂದು ಸಲ ತೀಡಿದರೆ ಆಯಿತು.

ನನಗೆ ತಲೆಬುಡ ತಿಳಿಯದು. ಜನ ಮಾತಾಡಿಸುವುದು ಎದುರಿಗೆ ನಿಂತೋ, ಬೆನ್ನ ಹಿಂದೆ ನಿಂತೋ? ಒಮ್ಮೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ.

"ನೋಡಿ ಮಾವ, ಮೊದ್ಲು ಕಾಲರ್, ಆಮೇಲೆ ತೋಳು ಅಂತಾನೆ."

ಪೂರ್ತಿ ನೋಡಿದರು. "ಎಲ್ಲ ಸರಿ ಮಾರಾಯ. ಒಂದ್ಸಲನಾದ್ರೂ ಬೆನ್ನು ತೋರ್ಸಿದ್ನಾ ಅವ್ನು? ಅಲ್ಲೇ ಇರೋದು ಕಳ್ಳತನ!"

ಓಲ್ಡ್ ಟೌನಿನ ಮದುವೆಯೊಂದರಲ್ಲಿ ಫೋಟೋದವನು ನನ್ನ ಅಂಗಿ ನೋಡಿ, "ಅಣ್ಣ, ನೀವು ಹಿಂದಿನ ಸಾಲಿಗೆ ಹೋಗಿ" ಎಂದುಬಿಟ್ಟ. ಹೋದೆ. ಆ ಚೆಂದದ ಬೆನ್ನು ಗೋಡೆಯ ಪಾಲಾಯಿತು!

ಎರಡು ಕೆಲಸ ಕೈತಪ್ಪಿದ ಮೇಲೆ ಮೂರನೆಯ ಇಂಟರ್‌ವ್ಯೂ ಶಿವಮೊಗ್ಗದಲ್ಲಿತ್ತು. ಇದೂ ಹೋದರೆ ನಾನು ಗಂಟುಮೂಟೆ ಕಟ್ಟಿ ಊರಿಗೆ ವಾಪಸ್. ಅವತ್ತು ಮಾವ ಬೆನ್ನು ಮುಗಿಸುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು.

"ಮಾವ, ಎದೆ ಪೂರಾ ಮುದುರಿದೆ. ಹೆಂಗೆ ಹೋಗ್ಲಿ?"

"ಫೈಲ್ ಅಡ್ಡ ಹಿಡ್ಕೋ. ಬಸ್ಸಲ್ಲಿ ಮಾತ್ರ ಒರಗ್ಬೇಡ!"

ಒರಗಬಾರದಂತೆ! ಸಿಟ್ಟಿಗೆ ಇನ್ನಷ್ಟು ಒರಗಿ ಕೂತೆ. ಅಲ್ಲಿ ಇಂಟರ್‌ವ್ಯೂ ಮಾಡುವವರು ಆಡಿದ ಮೊದಲ ಮಾತೇ, "ಎಲ್ಲಿ, ಫೈಲ್ ಕೊಡಿ." ಕೊಟ್ಟೆ. ಎದೆ ಬಯಲಾಯಿತು. ಆದರೂ ಕೆಲಸ ಸಿಕ್ಕಿತು. ಹೇಗೆ ಸಿಕ್ಕಿತೋ, ದೇವರಾಣೆಗೂ ಗೊತ್ತಿಲ್ಲ!

ಕೆಲಸಕ್ಕೆ ಸೇರುವ ದಿನವೂ ಅದೇ ಇಸ್ತ್ರಿ. ಗೊಣಗುತ್ತ ಹೊರಟವನಿಗೆ ಬೀದಿಯ ಕೊನೆಯಲ್ಲಿ ಊಟದ ಡಬ್ಬಿ ಮರೆತದ್ದು ನೆನಪಾಗಿ ತಿರುಗಿದೆ. ಮಾವ ಗೇಟು ಹಿಡಿದು ನಿಂತೇ ಇದ್ದರು. ಓಡಿ ಹತ್ತಿರ ಹೋದೆ.

"ಇನ್ನೂ ಯಾಕೆ ನಿಂತಿದೀರಿ ಮಾವ?"

"ನೀನು ಬಸ್ ಹತ್ತೋವರ್ಗೂ ದಿನಾ ನಿಲ್ತೀನಲ್ಲೋ. ಕಳ್ಸಿ ನಿಂತವ್ರಿಗೆ ಕಾಣೋದು ಬೆನ್ನೊಂದೇ ಕಣೋ."

ಇಷ್ಟು ವರ್ಷ ನಾನು ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ. ಡಬ್ಬಿ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು ನಿಧಾನಕ್ಕೆ ನಡೆದು ಬಸ್ ಹತ್ತಿದೆ. ಶಿವಮೊಗ್ಗ ಬರುವವರೆಗೂ ಸೀಟಿಗೆ ಒರಗಲಿಲ್ಲ.